ಅಮೇರಿಕಾದ ಪೈಲ್ವಾನನಿಗೆ ನಾನು ಕೈ ಕೊಟ್ಟದ್ದು

ಅಮೇರಿಕಾದ ಆ ಪೈಲ್ವಾನನ ಇಡೀ ಕುಸ್ತಿ ಜೀವನವನ್ನು ಬರೆದವನು ನಾನೇ. ಇಂಡಿ ಪಟ್ಟಣದ ಒಂದು ಛಾಪಖಾನೆಯ ಕಟ್ಟೆಯ ಮೇಲೆ ಕುಳಿತು, ಕುಸ್ತಿಯ ಕರಪತ್ರಕ್ಕೆಂದು ಒಂದು ಕಪ್ ಚಹಾ ಆರುವಷ್ಟರಲ್ಲಿ ಬರೆದು ಮುಗಿಸಿದೆ. ನ್ಯೂಯಾರ್ಕಿನಲ್ಲಿ ನಲವತ್ತು ಕುಸ್ತಿ, ನಲವತ್ತೂ ಗೆಲುವು. ಶಿಕಾಗೋದಲ್ಲಿ ಕರಡಿಯ ಜೊತೆ ಒಂದು. ಕರಡಿಯದು ತುಸು ಹೆಚ್ಚಾಯಿತೇನೋ ಎಂದು ಅನುಮಾನಿಸಿದರೆ, ಪಕ್ಕದಲ್ಲಿದ್ದ ಗುತ್ತಿಗೆದಾರ, "ಇನ್ನೊಂದು ಹಾಕ್ರಿ ಮಾಸ್ತರ, ಒಂದ ಕರಡಿ ಕಡಿಮಿ ಆಗ್ತೈತಿ" ಎಂದ. ಎರಡು ಕರಡಿ ಹಾಕಿದೆ.

ಎಪ್ಪತ್ತರ ದಶಕದ ಒಂದು ಬೇಸಿಗೆ ಅದು. ಬಿ.ಎ. ಮುಗಿಸಿ ಮಾಸ್ತರಿಕೆಯ ಆರ್ಡರಿಗಾಗಿ ಕಾಯುತ್ತಿದ್ದೆ. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ದಿನಕ್ಕೆ ಎರಡು ಸಲ ಅಂಚೆ ಕಚೇರಿಗೆ ಹೋಗಿ ಅಲ್ಲಿದ್ದವರ ತಲೆ ತಿನ್ನುತ್ತಿದ್ದೆ. ಬಸ್ ಸ್ಟ್ಯಾಂಡಿಗೆ ಹೋಗಿ ಯಾವ ಬಸ್ಸನ್ನೂ ಹತ್ತದೆ ತಿರುಗಿ ಬರುತ್ತಿದ್ದೆ. ಉಣ್ಣಲು ಕುಳಿತಾಗಲೂ ಒಂದು ಮೊಣಕಾಲು ತನ್ನಷ್ಟಕ್ಕೆ ಅಲುಗಾಡುತ್ತಿತ್ತು. "ಒಂದ ಕಡೆ ಕುಂಡ್ರೋ ನನ್ನಪ್ಪಾ, ನಿನ್ನ ನೋಡಿ ನನಗ ತಲಿ ತಿರಗಾಕತ್ತೈತಿ" ಎನ್ನುತ್ತಿದ್ದಳು ಅವ್ವ. ಆಗಲೇ ಈ ಗುತ್ತಿಗೆದಾರ ಸಿಕ್ಕಿದ್ದು. ಊರೂರಲ್ಲಿ ತಗಡಿನ ಬೇಲಿ ಕಟ್ಟಿ, ಟಿಕೆಟ್ ಇಟ್ಟು ಕುಸ್ತಿ ಆಡಿಸುವವನು. ವಿದೇಶಿ ಪೈಲ್ವಾನನನ್ನು ಕಳಿಸುತ್ತೇನೆಂದಿದ್ದ ಸೊಲ್ಲಾಪುರದ ಯಾರೋ ಕೊನೆ ಗಳಿಗೆಯಲ್ಲಿ ಅವನಿಗೆ ಕೈಕೊಟ್ಟಿದ್ದ. ಹಾಗಾಗಿ ಅಮೇರಿಕಾದವನನ್ನು ಇಲ್ಲೇ ತಯಾರು ಮಾಡಬೇಕಾಯಿತು. ಇಂಗ್ಲಿಷ್ ಬಲ್ಲವನೊಬ್ಬ ಮೈಕಿಗೂ ಬೇಕಿತ್ತು, ತಯಾರಿಗೂ ಬೇಕಿತ್ತು. ನೌಕರಿ ಸಿಗದಿದ್ದರೂ 'ಮಾಸ್ತರ' ಎಂದು ಕರೆಸಿಕೊಳ್ಳುವ ಭಾಗ್ಯ ನನಗೆ ಅವನಿಂದಲೇ ಬಂತು.

ನಮ್ಮ ಅಮೇರಿಕಾದವನು ಸಿಂದಗಿ ತಾಲೂಕಿನವನು, ಯಂಕಂಚಿ ಕಡೆಯ ಕುರಿ ಕಾಯುವ ಮನೆತನದವನು. ಗರಡಿಯಲ್ಲಿ ಬೆಳೆದ ಮೈ. ಹದಿನೆಂಟರಲ್ಲಿ ತುಟಿಯ ಪಕ್ಕ ಒಂದು ಬಿಳಿ ಕಲೆ ಕಾಣಿಸಿಕೊಂಡಿತಂತೆ. ಮೂವತ್ತಾಗುವ ಹೊತ್ತಿಗೆ ತೊನ್ನು ಮೈತುಂಬ ಹರಡಿ, ಬೆನ್ನಿನ ಮೇಲೆ ಅಂಗೈಯಗಲ ಮತ್ತು ಎಡಗಾಲಿನ ಗಿಣ್ಣಿನ ಸುತ್ತ ಒಂದಿಷ್ಟು ಬಿಟ್ಟು ಉಳಿದದ್ದೆಲ್ಲ ಬೆಳ್ಳಗಾಗಿತ್ತು. ಸಂತೆಯಲ್ಲಿ ಮೂಟೆ ಹೊರುತ್ತಿದ್ದ ಅವನನ್ನು ಕಂಡು ಗುತ್ತಿಗೆದಾರ, "ಅಮೇರಿಕಾ ಇಲ್ಲೇ ಐತಲ್ಲೋ!" ಎಂದು ಕುಣಿದಾಡಿದನಂತೆ. ತಲೆ, ಮೀಸೆ, ಹುಬ್ಬು ಎಲ್ಲ ಬೋಳಿಸಿದರು. ಬೆನ್ನಿನ ಕಪ್ಪಿಗೆ ಸೀಮೆಸುಣ್ಣದ ಪುಡಿ, ಕಾಲಿನದಕ್ಕೆ ಉದ್ದನೆಯ ಬೂಟು. ಬೂಟಿನ ವಿಷಯದಲ್ಲಿ ಮಾತ್ರ ಅವನು ಹಟ ಹಿಡಿದ. "ಕೆರ ಹಾಕ್ಕೊಂಡು ಮಣ್ಣಿಗೆ ಇಳಿಯೂದಿಲ್ರಿ. ನೀವು ಏನರ ಮಾಡ್ಕೋರಿ" ಎಂದ. ಕಣದ ಅಂಚಿನಲ್ಲಿ ಬೂಟು ಬಿಚ್ಚಿ ಕಾಲಿಗೆ ಪಟ್ಟಿ ಸುತ್ತುವುದೆಂದು ರಾಜಿಯಾಯಿತು.

ಉಳಿದದ್ದನ್ನು ಕಲಿಸುವುದು ನನ್ನ ಪಾಲಿಗೆ ಬಂತು. ಕುಕ್ಕರುಗಾಲಲ್ಲಿ ಕೂರಬಾರದು. ಉಂಡು ತೇಗಬಾರದು. ಯಾರು ಏನೇ ಬೈದರೂ ತಿಳಿಯದವನ ಹಾಗೆ ನೋಡಬೇಕು. ಬಾಯಿ ಬಿಟ್ಟರೆ 'ಓಕೆ', 'ನೋ', 'ಕಮಾನ್', ಈ ಮೂರೇ. ಆಮೇಲೆ ಅಮೇರಿಕಾದವರು ಕೈ ಕುಲುಕುವ ರೀತಿ: ಬೆರಳ ತುದಿಯಲ್ಲ, ಪೂರ್ತಿ ಅಂಗೈ ಕೊಟ್ಟು, ಒತ್ತಿ ಹಿಡಿದು, ಎರಡು ಸಲ ಮೇಲೆ ಕೆಳಗೆ. ಅದನ್ನು ನನ್ನ ಬಲಗೈಯನ್ನು ನನ್ನ ಎಡಗೈಯಲ್ಲೇ ಹಿಡಿದು ತೋರಿಸಿದೆ. ಅವನೂ ಹಾಗೆಯೇ ತನ್ನ ಕೈಯನ್ನು ತಾನೇ ಹಿಡಿದು ಕಲಿತ. ಜಾಣ ಶಿಷ್ಯ ಎಂದು ಗುತ್ತಿಗೆದಾರನ ಮುಂದೆ ಹೊಗಳಿದೆ.

ಮೊದಲ ಆಟ ಇಂಡಿಯಲ್ಲಿ. ಹತ್ತು ನಿಮಿಷ ಊರಿನ ಪೈಲ್ವಾನನನ್ನು ಅಮೇರಿಕಾದವನು ಎತ್ತಿ ಒಗೆಯಬೇಕು, ಕೊನೆಗೆ ತಾನು ಚಿತ್ ಆಗಬೇಕು. ಮೊದಲೇ ಆಡಿಟ್ಟುಕೊಂಡ ನೂರಾ ಕುಸ್ತಿ. ಊರಿನವನು ಗೆದ್ದಾಗ ಹಲಗೆ ಬಾರಿಸಿದ ಸದ್ದಿಗೆ ತಗಡುಗಳು ನಡುಗಿದವು. ಲಚ್ಯಾಣದಿಂದ ಬಂದಿದ್ದ ಮುದುಕಿಯೊಬ್ಬಳು ಜನರನ್ನು ಸರಿಸಿಕೊಂಡು ಬಂದು ಸೋತವನ ಗದ್ದ ಹಿಡಿದು, "ಎಲ್ಲಿಂದ ಬಂದಿಯೋ ಎಪ್ಪಾ, ನಿನಗಿಲ್ಲಿ ಹೊಟ್ಟಿತುಂಬ ಕೂಳು ಹಾಕ್ತಾರೋ ಇಲ್ಲೋ" ಎಂದಳು. "ಓಕೆ" ಎಂದ ಅವನು. ಜೀಪು ಊರು ದಾಟುವವರೆಗೂ ಮುಖವನ್ನು ಹೊರಗೆ ತಿರುಗಿಸಿಯೇ ಕುಳಿತಿದ್ದ. ನಾನು ಮುಂದಿನ ಸೀಟಿನಲ್ಲಿ ಉಗುರು ಕಚ್ಚುತ್ತ, ಹಿಂದೆ ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದೆ.

ಆ ದಿನಗಳಲ್ಲಿ ನನ್ನ ಜೀವ ಒಂದು ಕಡೆ ನಿಂತದ್ದೇ ಇಲ್ಲ. ಕಣ ಕಟ್ಟುವ ಮೊದಲು ತಗಡಿನ ಬೇಲಿಗೆ ಎಷ್ಟು ದಾರಿ, ಜೀಪು ಎಲ್ಲಿ ನಿಂತಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಸಿಕ್ಕಿಬಿದ್ದರೆ ನೌಕರಿಯ ಆರ್ಡರ್ ಬದಲು ಪೊಲೀಸರು ಮನೆಗೆ ಬರುತ್ತಾರೆ ಎಂಬ ಹೆದರಿಕೆ. ಮುದ್ದೇಬಿಹಾಳದಲ್ಲಿ ಒಬ್ಬರು ಹೆಡ್‌ಮಾಸ್ತರರು ಅಮೇರಿಕಾದವನ ಜೊತೆ ಇಂಗ್ಲಿಷಿನಲ್ಲಿ ಮಾತಾಡಲೇಬೇಕೆಂದು ಕೋಟು ಹಾಕಿಕೊಂಡು ಬಂದರು. ಕುಸ್ತಿಯ ಮೊದಲು ಅವನಿಗೆ ಮೌನವ್ರತ ಎಂದೆ. ಕುಸ್ತಿ ಮುಗಿದ ಮೇಲೂ ಬಂದರು. ಸೋತ ದಿನವೂ ಮೌನವ್ರತವೇ ಎಂದೆ. ಬಸವನ ಬಾಗೇವಾಡಿಯಲ್ಲಿ ಎದುರಾಳಿ ತೋಳು ತಿರುಚಿದ ರಭಸಕ್ಕೆ ನಮ್ಮವನು "ಯವ್ವಾ!" ಎಂದು ಒದರಿಯೇಬಿಟ್ಟ. ನಾನು ತಡಮಾಡದೆ ಮೈಕಿನಲ್ಲಿ, "ಕೇಳಿದ್ರೇನ್ರಿ! ಅಮೇರಿಕಾದಾಗೂ ಅವ್ವಗ ಯವ್ವಾ ಅಂತಾರ!" ಎಂದು ಕೂಗಿದೆ. ಜನ ಚಪ್ಪಾಳೆ ಹೊಡೆದರು. ಇಂಥ ಮಾತು ಆಡಲು ನನ್ನ ನಾಲಿಗೆಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಎಲ್ಲ ಊರಿನಲ್ಲೂ ಕುಸ್ತಿ ಮುಗಿದ ಮೇಲೆ ಅವನ ಮುಂದೆ ಸಾಲು ನಿಲ್ಲುತ್ತಿತ್ತು. ಗೌಡರು, ವ್ಯಾಪಾರಸ್ಥರು, ಪೊಲೀಸ್ ಪೇದೆಗಳು, ಎಲ್ಲರಿಗೂ ಅಮೇರಿಕಾದ ಕೈ ಕುಲುಕಬೇಕು. ಅವನು ನಾನು ಕಲಿಸಿದ ಹಾಗೆಯೇ ಪೂರ್ತಿ ಅಂಗೈ ಕೊಟ್ಟು, ಎರಡು ಸಲ ಮೇಲೆ ಕೆಳಗೆ ಮಾಡುತ್ತಿದ್ದ. ಒಬ್ಬರನ್ನೂ ಬೇಗ ಬಿಡುತ್ತಿರಲಿಲ್ಲ. ಗುತ್ತಿಗೆದಾರನೇ ಬಂದು ಎಳೆದೊಯ್ಯಬೇಕಾಗುತ್ತಿತ್ತು.

ಬಾಗೇವಾಡಿಯ ಮರುದಿನ ಬೆಳಿಗ್ಗೆ ಕೊಲ್ಹಾರಕ್ಕೆ ಸ್ನಾನಕ್ಕೆ ಹೋದೆವು. ಆಗಿನ್ನೂ ಅಣೆಕಟ್ಟಿನ ಹಿನ್ನೀರು ಬಂದಿರಲಿಲ್ಲ, ಹಳೆಯ ಊರು ಹೊಳೆಯ ದಂಡೆಯಲ್ಲೇ ಇತ್ತು. ಸುತ್ತ ಯಾರೂ ಇಲ್ಲದ್ದರಿಂದ ಅವನಿಗೆ ಕನ್ನಡ ಮಾತಾಡುವ ಸ್ವಾತಂತ್ರ್ಯ. ಸೀಮೆಸುಣ್ಣ ತೊಳೆದುಕೊಂಡು ಬಂದು ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತ. ನಾನು ಅವನ ಟವೆಲನ್ನು ದೂರದಿಂದಲೇ ಎಸೆದೆ.

"ನಾಳಿಗೆ ಸಿಂದಗ್ಯಾಗ ಯಾರ ಜೋಡಿ ಐತಿ ಗೊತ್ತೇನ್ರಿ ಮಾಸ್ತರ?" ಎಂದ. "ನನ್ನ ಹಳೇ ಜೋಡಿನೇ. ಹನ್ನೆರಡು ವರ್ಷ ಒಂದ ಮಣ್ಣಿನ್ಯಾಗ ಹೊಳ್ಯಾಡೇವಿ. ಬಿಳಿ ಕಲಿ ಮಾರಿತುಂಬ ಬಂದ ದಿನ ಅಂವ ಕೈ ಹಿಂದ ತಗೊಂಡ. ಆಮ್ಯಾಲ ಗರಡ್ಯಾಗ ಯಾರೂ ಕೈ ಕೊಡಲಿಲ್ರಿ. ಬೇವಿನ ಗಿಡದ ಜೋಡಿ ಕುಸ್ತಿ ಹಿಡದೇನಿ ನಾ."

ಗರಡಿಯವರ ಮಾತಿನಲ್ಲಿ ಕೈ ಕೊಡುವುದೆಂದರೆ ಕುಸ್ತಿಗೆ ನಿಲ್ಲುವುದು. ಕೈಗೆ ಕೈ ಕೊಟ್ಟರೇ ಆಟ ಶುರು.

"ಈಗ ಎಲ್ಲಾರೂ ಕೊಡಾಕತ್ತಾರಲ್ರಿ ಪೈಲ್ವಾನ್ರ" ಎಂದೆ. ಮಾತಿಗೆ 'ರಿ' ಹಚ್ಚಲು ನನಗೆ ಎಂದೂ ಅಡ್ಡಿಯಿರಲಿಲ್ಲ.

"ಅದು ಅಮೇರಿಕಾಕ್ಕ ಕೊಡೂದ್ರಿ. ನಾ ಯಾರಂತ ಗೊತ್ತಿದ್ದು ಒಬ್ಬರರ ಕೊಡಬೇಕು. ಒಂದ ಸಲ ಸಾಕು" ಎಂದು ಅವನು ನನ್ನನ್ನೇ ನೋಡಿದ. ನಾನು ಎದ್ದು ಜೀಪಿನ ಸುತ್ತ ಎರಡು ಸುತ್ತು ಹಾಕಿದೆ, ಟೈರು ಒದ್ದು ನೋಡಿದೆ, ಹೊತ್ತಾಯಿತೆಂದು ಎಲ್ಲರನ್ನೂ ಎಬ್ಬಿಸಿದೆ. ತೊನ್ನು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ, ಬೇರೆಯವರಿಗೆ ತಿಳಿಹೇಳಿಯೂ ಇದ್ದೆ.

ಸಿಂದಗಿಯಲ್ಲಿ ಮರುದಿನ ಕಾಲಿಡಲು ಜಾಗವಿರಲಿಲ್ಲ. ಬಿಸಿಲು ಇಳಿಯುವ ಹೊತ್ತು. ನಾನು ನ್ಯೂಯಾರ್ಕಿನ ನಲವತ್ತು ಕುಸ್ತಿಗಳನ್ನೂ ಎರಡು ಕರಡಿಗಳನ್ನೂ ಮೈಕಿನಲ್ಲಿ ಹೇಳಿ ಮುಗಿಸಿದೆ. ಹಳೆಯ ಜೋಡಿ ಕಣಕ್ಕಿಳಿದು ಕೈ ಚಾಚಿ ನಿಂತ. ನಮ್ಮವನು ಬೂಟು ಬಿಚ್ಚಿ ಮಣ್ಣಿಗೆ ಇಳಿದವನೇ ಬಗ್ಗಿ, ಎಡಗೈಯಲ್ಲಿ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು ಹಣೆಗೆ ಹಚ್ಚಿ, ಉಳಿದದ್ದನ್ನು ಬಲಕಿವಿಯ ಹಿಂದೆ ಒರೆಸಿಕೊಂಡ. ಮೂರು ಊರಿನಲ್ಲಿ ತಡೆದುಕೊಂಡಿದ್ದ, ಗರಡಿಯ ದಿನಗಳಿಂದ ಬಂದ ಅವನದೇ ರೂಢಿ ಇಲ್ಲಿ ತಡೆಯಲಿಲ್ಲ. ಅಥವಾ ಬೇಕೆಂದೇ ಮಾಡಿದ.

ಜೋಡಿಯ ಕೈ ನಡುದಾರಿಯಲ್ಲೇ ನಿಂತಿತು. ಗುರುತು ಸಿಕ್ಕಿದೆ ಎಂದು ಅವನ ಮುಖದಲ್ಲೇ ಕಂಡಿತು. ಅಮೇರಿಕಾದವನ ಕೈ ಚಾಚಿಯೇ ಇತ್ತು. ಹಲಗೆ ನಿಂತಿತು. ನನಗೆ ತಡೆದುಕೊಳ್ಳಲಾಗಲಿಲ್ಲ. "ಕೈ ಕೊಡ್ರಿ ಪೈಲ್ವಾನ್ರ!" ಎಂದು ಮೈಕಿನಲ್ಲಿ ಕಿರುಚಿದೆ. "ಯಾಕ ಹಿಂದ ಸರೀತೀರಿ? ಮನಶ್ಯಾ ಅಲ್ಲೇನ್ರಿ ಅಂವ? ಕೊಡ್ರಿ ಕೈ!" ಜನವೂ ಕೂಗತೊಡಗಿದರು. ಅಷ್ಟು ಸಿಟ್ಟು ನನಗೆ ಎಲ್ಲಿಂದ ಬಂತೋ.

ಜೋಡಿ ಬಗ್ಗಿ ಮಣ್ಣು ತೆಗೆದುಕೊಂಡು ಅಂಗೈಗೆ ಉಜ್ಜಿಕೊಂಡ. ಆಮೇಲೆ ಕೈ ಕೊಟ್ಟ. ಒಂದಲ್ಲ, ಎರಡೂ.

ಮುಂದಿನದು ಆಡಿಟ್ಟುಕೊಂಡ ಕುಸ್ತಿಯಲ್ಲ ಎಂದು ಗುತ್ತಿಗೆದಾರನಿಗೆ ಅರ್ಧ ನಿಮಿಷದಲ್ಲೇ ತಿಳಿಯಿತು. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಇಬ್ಬರೂ ಉಸಿರಿಗೆ ಒದ್ದಾಡುತ್ತಿದ್ದರು, ಇಬ್ಬರೂ ತಲೆಯಿಂದ ಕಾಲಿನವರೆಗೆ ಕೆಂಪು ಮಣ್ಣಾಗಿದ್ದರು. ಕೊನೆಗೆ ಜೋಡಿ ಅವನನ್ನು ಹೆಗಲ ಮೇಲಿಂದ ಎತ್ತಿ ಕೆಡವಿ, ಎರಡೂ ಭುಜ ನೆಲಕ್ಕೆ ಹಚ್ಚಿದ. ಸೋತವನು ಎದ್ದು ನೇರವಾಗಿ ನನ್ನ ಕಡೆಗೆ ಓಡಿಬಂದ. ನಗುತ್ತಿದ್ದ, ಕಣ್ಣಿಂದ ನೀರು ಬೇರೆ.

"ನಿಕಾಲಿ ಆತ್ರಿ ಮಾಸ್ತರ! ಖರೇನ ಸೋತ್ನಿ! ಖರೇನ!"

ಮೈಕು ನನ್ನ ಕೈಯಲ್ಲೇ ಇತ್ತು. ನಿಜವಾಗಿ ಸೋಲು ಗೆಲುವು ತೀರ್ಮಾನವಾಯಿತು ಎಂಬ ಆ ಮಾತನ್ನು ಧ್ವನಿವರ್ಧಕ ಇಡೀ ಸಿಂದಗಿಗೆ ಅಚ್ಚ ಕನ್ನಡದಲ್ಲಿ ಕೇಳಿಸಿತು. ಅಮೇರಿಕಾದ ಪೈಲ್ವಾನನ ಕುಸ್ತಿ ಜೀವನ ಅಲ್ಲಿಗೆ ಮುಗಿಯಿತು. ಆಮೇಲೆ ಯಾರೋ ಬಿದ್ದು ಬಿದ್ದು ನಕ್ಕರು, ಯಾರೋ ತಗಡಿಗೆ ಕಲ್ಲು ಹೊಡೆದರು. ಗುತ್ತಿಗೆದಾರ ಜೀಪಿನ ಕಡೆ ಓಡಿದ.

ಅವನಿಗೆ ಇದಾವುದರ ಖಬರೂ ಇರಲಿಲ್ಲ. ನನ್ನ ಮುಂದೆ ನಿಂತು, ನಾನು ಕಲಿಸಿದ ಹಾಗೆಯೇ, ಪೂರ್ತಿ ಅಂಗೈ ತೆರೆದು ಬಲಗೈ ಚಾಚಿದ. ನನ್ನ ಬಲಗೈಯಲ್ಲಿ ಮೈಕು ಇತ್ತು. ಎಡಗೈಗೆ ದಾಟಿಸಬಹುದಿತ್ತು, ನೆಲಕ್ಕೆ ಎಸೆಯಬಹುದಿತ್ತು. ನಾನು ಮೈಕನ್ನು ನಡುವೆ ಹಿಡಿದುಕೊಂಡೇ ಎರಡೂ ಕೈ ಜೋಡಿಸಿ, ಬಲು ವಿನಯದಿಂದ ನಮಸ್ಕಾರ ಮಾಡಿದೆ.

ಅವನು ನನ್ನ ಕೈಗಳನ್ನು ನೋಡಿದ. "ಓಕೆ" ಎಂದ. ತಿರುಗಿ ಜೋಡಿ ನಿಂತಿದ್ದಲ್ಲಿಗೆ ಹೋದ.

ಆ ಮಳೆಗಾಲದಲ್ಲೇ ನನಗೆ ಆರ್ಡರ್ ಬಂತು. ನಿವೃತ್ತಿಯಾಗುವವರೆಗೂ ಮಕ್ಕಳಿಗೆ ಕೈ ಕುಲುಕುವುದನ್ನು, 'ಹೌ ಡು ಯು ಡು' ಎನ್ನುವುದನ್ನು ಕಲಿಸಿದೆ, ಒಬ್ಬೊಬ್ಬರ ಕೈಯನ್ನೂ ಹಿಡಿದೇ ಕಲಿಸಿದೆ. ಆದರೂ ಒಂದು ಕಡೆ ಕೂರಲು ನನಗೆ ಇಂದಿಗೂ ಆಗುವುದಿಲ್ಲ. ಗರಡಿಯವರ ಅರ್ಥದಲ್ಲಿ ನಾನು ಅವನಿಗೆ ಕೈ ಕೊಡಲೇ ಇಲ್ಲ. ಊರವರೆಲ್ಲ ಆಡುವ ಅರ್ಥದಲ್ಲಿ, ಕೊಟ್ಟೆ.