ಕೈಯಲ್ಲಿ ಉತ್ತರ ಕೇಳಿದ ಮೇಡಂ

ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸುವುದರಲ್ಲಿ ಹೆಸರು ಮಾಡಿದವರು ಬಹುಮಟ್ಟಿಗೆ ಪುಸ್ತಕ ಬರೆದವರು. ಈ ಸಂಪುಟದ ಮೂಲಕ ನಾವು ಗೌರವಿಸುತ್ತಿರುವ ಇಂಗ್ಲಿಷ್ ಮೇಡಂ ಅವರಾದರೋ ಪುಸ್ತಕ ಬರೆಯಲಾರೆನೆಂದು ಹಟ ಹಿಡಿದು ಆ ಕ್ಷೇತ್ರದಲ್ಲಿ ತಮ್ಮ ಸ್ಥಾನವನ್ನು ಗಳಿಸಿಕೊಂಡವರು. ಆಸ್ಪತ್ರೆಗೆ ಸೇರಿದ ನಮ್ಮ ನರ್ಸಿಂಗ್ ಶಾಲೆಯಲ್ಲಿ, ಅವರ ಪಕ್ಕದ ಕೊಠಡಿಯಲ್ಲಿ, ಅಂಗರಚನಾಶಾಸ್ತ್ರ ಹೇಳಿಕೊಟ್ಟವನು ನಾನು. ಎಲುಬುಗಳ ನಡುವೆ ಆಯುಷ್ಯ ಕಳೆದವನಿಗೆ ಹೊಗಳಿಕೆ ಅಷ್ಟಾಗಿ ಒಗ್ಗದು. ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಅವರು ಕೆಲಸಕ್ಕೆ ಸೇರಿದಾಗ ನಮ್ಮ ವಿದ್ಯಾರ್ಥಿನಿಯರ ಕಷ್ಟ ವಿಚಿತ್ರವಾದದ್ದಾಗಿತ್ತು. ಪಠ್ಯಪುಸ್ತಕದ ಇಂಗ್ಲಿಷ್ ಅವರಿಗೆ ಬರುತ್ತಿತ್ತು, ವಾರ್ಡಿನ ಇಂಗ್ಲಿಷ್ ಬರುತ್ತಿರಲಿಲ್ಲ. ‘ಥ್ರೋ’ ಎಂದರೆ ಎಸೆಯುವುದು, ‘ಅಪ್’ ಎಂದರೆ ಮೇಲೆ ಎಂದು ಬಲ್ಲವಳಿಗೆ, ರೋಗಿ ‘ಥ್ರೋ ಅಪ್’ ಮಾಡುತ್ತಾನೆಂದರೆ ವಾಂತಿ ಮಾಡಿಕೊಳ್ಳುತ್ತಾನೆಂದು ತಿಳಿಯುವುದು ಹೇಗೆ? ‘ಪಾಸ್ ಔಟ್’ ಆದವನಿಗೆ ಪ್ರಜ್ಞೆ ತಪ್ಪಿದೆ, ‘ಪಾಸ್ ಅವೇ’ ಆದವನು ತೀರಿಕೊಂಡಿದ್ದಾನೆ, ‘ಕಮ್ ರೌಂಡ್’ ಆದವನಿಗೆ ಎಚ್ಚರ ಬಂದಿದೆ. ಈ ಭಾಷೆಗೆ ನ್ಯಾಯನೀತಿಯೇ ಇಲ್ಲವೆಂದು ಹುಡುಗಿಯರು ಗೊಣಗಿದರೆ ಮೇಡಂ ನಗುತ್ತಿದ್ದರು. ನಾವೂ ತಲೆ ತಿನ್ನಬೇಡ ಎನ್ನುತ್ತೇವೆ, ಅದಕ್ಕೆ ಯಾರಾದರೂ ತಟ್ಟೆ ತಂದಿಡುತ್ತಾರೆಯೇ ಎಂದು ಕೇಳುತ್ತಿದ್ದರು.

ಆದರೆ ಅರ್ಥವನ್ನು ಮಾತ್ರ ಬರೆಸುತ್ತಿರಲಿಲ್ಲ. ನುಡಿಗಟ್ಟನ್ನು ಹೇಳಿ, ‘ಇದನ್ನ ಕೇಳಿದ ಮೇಲೆ ನಿನ್ನ ಕೈ ಏನು ಮಾಡುತ್ತೆ?’ ಎಂದು ನಿಲ್ಲುತ್ತಿದ್ದರು. ಉತ್ತರವನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ‘ಪಾಸ್ ಔಟ್’ ಎಂದರೆ ಪಕ್ಕದವಳ ತಲೆ ನೆಲಕ್ಕೆ ಬಡಿಯದಂತೆ ಹಿಡಿಯಬೇಕು. ‘ಕಮ್ ರೌಂಡ್’ ಎಂದರೆ ಬಾಗಿ, ಹೆಗಲು ಮುಟ್ಟಿ, ಹೆಸರು ಹಿಡಿದು ಕರೆಯಬೇಕು. ಹೀಗಾಗಿ ಅವರ ತರಗತಿಯಲ್ಲಿ ಸದಾ ಬೆಂಚು ಸರಿದಾಡುವ ಸದ್ದು. ಗೋಡೆಯಾಚೆ ಬೆನ್ನುಮೂಳೆ ವಿವರಿಸುತ್ತಿದ್ದ ನನಗೆ ಅದು ಸಾಕಷ್ಟು ಕಿರಿಕಿರಿ ತಂದಿದೆ ಎಂಬುದನ್ನು ಅಭಿನಂದನ ಸಂಪುಟವೆಂಬ ಕಾರಣಕ್ಕೆ ಮುಚ್ಚಿಡಲಾರೆ.

ಅನಾಹುತವಾದದ್ದು ಪರೀಕ್ಷಾ ಮಂಡಳಿಯ ತಪಾಸಣೆಯ ದಿನ. ತಪಾಸಣೆಗೆ ಬಂದ ಹಿರಿಯರು ಮುಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಎಬ್ಬಿಸಿ ‘ಥ್ರೋ ಅಪ್’ ಎಂದರೇನೆಂದು ಕೇಳಿದರು. ನಮ್ಮಲ್ಲಿ ‘ಚುರುಕಿ’ ಎಂದೇ ಹೆಸರಾದ ಆಕೆ ಮೂಲೆಯಲ್ಲಿದ್ದ ಬೇಸಿನ್ ತಂದು ಅವರ ಗದ್ದದ ಕೆಳಗೆ ಹಿಡಿದಳು. ಇನ್ನೊಂದು ಕೈಯಿಂದ ಅವರ ಹಣೆಯನ್ನೂ ಆತುಕೊಂಡಳು. ಮೇಡಂ ಅವರ ಲೆಕ್ಕದಲ್ಲಿ ಅದು ಪೂರ್ಣಾಂಕದ ಉತ್ತರ. ಹಿರಿಯರ ಮುಖ ಇಂಗು ತಿಂದ ಮಂಗನಂತಾಯಿತು. ವರದಿಯಲ್ಲಿ ‘ಅತೃಪ್ತಿಕರ’ ಎಂದು ಬಂತು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಆದರೆ ಮಂಡಳಿಗೆ ಉತ್ತರ ಕೊಡಬೇಕಾದವರು. ವರ್ಷಾಂತ್ಯದೊಳಗೆ ನುಡಿಗಟ್ಟುಗಳಿಗೆಲ್ಲ ಒಂದೊಂದು ಸಾಲಿನ ಅರ್ಥ ಬರೆದು ಪುಸ್ತಕ ಮಾಡಿಕೊಡಬೇಕು, ಕೈಸನ್ನೆಯ ಆಟ ನಿಲ್ಲಿಸಬೇಕು, ಇಲ್ಲವಾದರೆ ಮುಂದಿನ ವರ್ಷ ತರಗತಿಯೂ ಇಲ್ಲ, ಹುದ್ದೆಯೂ ಇಲ್ಲ ಎಂದರು. ಮೇಡಂ ಅವರ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವರ ಯಜಮಾನರು ಹೃದಯದ ಕಾಯಿಲೆಯಿಂದ ಮನೆ ಹಿಡಿದಿದ್ದರು. ಮೇಡಂ ಒಪ್ಪಿಕೊಂಡರು. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಕಿಟಕಿಯ ಪಕ್ಕ ಕುಳಿತು ಅರ್ಥ ಬರೆಯುತ್ತಿದ್ದರು, ಹೊಡೆದುಹಾಕುತ್ತಿದ್ದರು. ಪಕ್ಕದ ಕೊಠಡಿ ನಿಶ್ಶಬ್ದವಾಯಿತು. ಅದು ನನಗೆ ಹಿತವೆನಿಸಲಿಲ್ಲ, ಯಾಕೆಂದು ಆಗ ತಿಳಿಯಲೂ ಇಲ್ಲ.

ಪುಸ್ತಕ ಮುಕ್ಕಾಲು ಮುಗಿದಿದ್ದಾಗ ಯಜಮಾನರನ್ನು ನಮ್ಮ ಆಸ್ಪತ್ರೆಗೇ ದಾಖಲು ಮಾಡಬೇಕಾಯಿತು. ಮಧ್ಯಾಹ್ನ ನಾನೂ ಹೋಗಿದ್ದೆ. ದೊಡ್ಡ ಡಾಕ್ಟರರು ಮಂಚದ ಬಳಿ ನಿಂತು ಚಾರ್ಟ್ ನೋಡಿ, ಕಿರಿಯ ಡಾಕ್ಟರಿಗೆ ತಗ್ಗಿದ ದನಿಯಲ್ಲಿ ‘ಟಚ್ ಅಂಡ್ ಗೋ’ ಎಂದು ಹೇಳಿ ಮುಂದೆ ನಡೆದರು. ಉಳಿದರೂ ಉಳಿಯಬಹುದು, ಹೋದರೂ ಹೋಗಬಹುದು, ಹೇಳುವ ಹಾಗಿಲ್ಲ ಎಂದು ಅದರ ತಾತ್ಪರ್ಯ. ರೋಗಿಯ ಮನೆಯವರಿಗೆ ತಿಳಿಯದಿರಲಿ ಎಂದೇ ಅವರು ಇಂಗ್ಲಿಷ್‌ನಲ್ಲಿ ಆಡಿದ್ದು. ಆ ವಾರ್ಡಿನಲ್ಲಿ ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಮಂಚದ ಇನ್ನೊಂದು ಬದಿಯಲ್ಲೇ ನಿಂತಿದ್ದರು. ಮೇಡಂ ಅಳಲಿಲ್ಲ. ಭೇಟಿಯ ಸಮಯ ಮುಗಿದ ಗಂಟೆ ಬಾರಿಸಿದ್ದರಿಂದ ಶಿಸ್ತಾಗಿ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟರು.

ಆ ದಿನ ಅಲ್ಲಿ ಪಾಳಿಯಲ್ಲಿದ್ದವಳು ಚುರುಕಿ. ಡಾಕ್ಟರರ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ಕುರ್ಚಿಯೊಂದನ್ನು ತಂದು ಮಂಚಕ್ಕೆ ತಾಗಿಸಿ ಇಟ್ಟಳು, ಮಂಚದ ಪಕ್ಕದ ಕಂಬಿಯನ್ನು ಇಳಿಸಿದಳು, ಮೇಡಂ ಅವರನ್ನು ತೋಳು ಹಿಡಿದು ಕರೆತಂದು ಕೂರಿಸಿದಳು, ಯಜಮಾನರ ಸೂಜಿ ಚುಚ್ಚಿರದ ಕೈಯನ್ನು ಹೊದಿಕೆಯೊಳಗಿಂದ ತೆಗೆದು ಅವರ ಕೈಯೊಳಗೆ ಇಟ್ಟಳು. ಗಂಟೆಯಾಯಿತೆಂದು ಎಬ್ಬಿಸಲು ಬಂದ ಮೇಲ್ವಿಚಾರಕಿಗೆ ಅಡ್ಡ ನಿಂತಳು.

‘ಇವರು ಇಲ್ಲೇ ಇರ್ಲಿ ಸಿಸ್ಟರ್. ಬೈಯೋದಿದ್ರೆ ಆಮೇಲೆ ನನಗೆ ಬೈಯಿರಿ’ ಎಂದಳು.

‘ಟಚ್ ಅಂಡ್ ಗೋ’ ಎಂಬ ನುಡಿಗಟ್ಟನ್ನು ಮೇಡಂ ತರಗತಿಯಲ್ಲಿ ಎಂದೂ ಹೇಳಿಕೊಟ್ಟಿರಲಿಲ್ಲ.

ಯಜಮಾನರು ಉಳಿದರು. ಈಗಲೂ ಇದ್ದಾರೆ, ಆಸ್ಪತ್ರೆಯ ಸಾರನ್ನು ಈಗಲೂ ಬೈಯುತ್ತಾರೆ. ಅವರು ಮನೆ ಸೇರಿದ ಮರುದಿನ ಮೇಡಂ ಪ್ರಿನ್ಸಿಪಾಲರ ಕೊಠಡಿಗೆ ಹೋಗಿ ಕಡ್ಡಿ ಮುರಿದಂತೆ ಹೇಳಿದರು: ‘ಪುಸ್ತಕ ಬರೆಯಲ್ಲ ಸರ್. ನನ್ನ ತರಗತಿ ನನಗೆ ಬೇಕು. ಕೊಡದಿದ್ರೆ ಮನೇಲಿರ್ತೀನಿ.’ ಔಷಧದ ಖರ್ಚು ಹೆಚ್ಚಿದ ಹೊತ್ತಿನಲ್ಲಿ ಆಡಿದ ಮಾತು ಅದು. ಜೊತೆಗೆ ಹೋಗಿದ್ದ ನಾನು ಕೊಠಡಿಯ ಬಾಗಿಲು ಮುಚ್ಚಿದೆ.

ಪ್ರಿನ್ಸಿಪಾಲರು ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ದಾರಿ ಹಿಡಿದರು: ಮಂಡಳಿಗೆ ಬೇಕಾದ ಒಂದು ಸಾಲಿನ ಅರ್ಥಗಳನ್ನು ವಾರಕ್ಕೊಂದು ತಾಸು ಬೇರೆ ಯಾರಾದರೂ ಬಾಯಿಪಾಠ ಮಾಡಿಸಲಿ, ಮೇಡಂ ತಮ್ಮ ತರಗತಿ ನಡೆಸಲಿ. ಬೇರೆ ಯಾರಾದರೂ ಎಂದು ಹೇಳುವಾಗ ಅವರು ನೋಡಿದ್ದು ನನ್ನ ಕಡೆ. ಎಲುಬಿನ ಹೆಸರು ಉರು ಹೊಡೆಸಿ ಪಳಗಿದವನಲ್ಲವೇ! ಅಂದಿನಿಂದ ಗೋಡೆಯ ಈಚೆ ನಾನು ಅರ್ಥ ಹೇಳಿದೆ, ಆಚೆ ಅವರು ಕೆಲಸ ಕಲಿಸಿದರು. ನನ್ನ ತಾಸಿನಿಂದ ಹುಡುಗಿಯರು ಪಾಸಾದರು. ವಾರ್ಡಿನಲ್ಲಿ ಅವರನ್ನು ಕಂಡಾಗಲೆಲ್ಲ ನಾನು ನೆನೆದದ್ದು ಮೇಡಂ ಅವರನ್ನೇ. ಅವರೆಂದರೆ ನನಗೆ ತುಂಬ ಗೌರವ, ಇದನ್ನು ಎದುರಿಗೆ ಒಮ್ಮೆಯೂ ಹೇಳಲಿಲ್ಲ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬೆಳಗ್ಗೆ ಬಂದು ತರಗತಿ ನಡೆಸಿಕೊಡಿರೆಂದು ಈಗಿನ ಪ್ರಿನ್ಸಿಪಾಲರು ಕೇಳಿಕೊಂಡಿದ್ದಾರೆ. ಮಂಡಿ ನೋವು, ಬಸ್ಸಿನ ಮೆಟ್ಟಿಲು ಎತ್ತರ, ನೋಡೋಣ ಎಂದಿದ್ದಾರೆ ಮೇಡಂ. ಇಂಥ ಲೇಖನದ ಕೊನೆಯಲ್ಲಿ ಆಯುರಾರೋಗ್ಯ ಹಾರೈಸುವುದು ವಾಡಿಕೆ. ಆ ಹಾರೈಕೆ ಉಳಿದ ಲೇಖನಗಳಲ್ಲಿ ಧಾರಾಳವಾಗಿದೆ. ಸೋಮವಾರ ಒಂಬತ್ತಕ್ಕೆ ನನ್ನ ಕಾರು ಅವರ ಗೇಟಿನ ಮುಂದೆ ನಿಂತಿರುತ್ತದೆ, ಹತ್ತುವ ಬದಿಯ ಬಾಗಿಲು ತೆರೆದು ಹಿಡಿದಿರುತ್ತೇನೆ.