ಬೀಗರ ಬೂಟು, ನಮ್ಮವರ ಬೆರಳು

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನವೇ ಬಳ್ಳಾರಿಯ ಡಾಕ್ಟರು ಬಿಡಿಸಿ ಹೇಳಿದ್ದರು. "ಅಜ್ಜಾರ, ಕನ್ನಡಿ ನೋಡ್ಕೊಳ್ಳದಿದ್ರೂ ನಡೀತೈತಿ, ಪಾದ ನೋಡ್ಕೋರಿ. ಕಾಲಾಗ ಒಂದು ಗಾಯ ಆತಂದ್ರ ಬೆರಳು ಉಳಿಯೂದು ಕಷ್ಟ." ನಮ್ಮವರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರನ್ನು ಮೀರಿಸುವವರು ಕುರುಗೋಡಿನಲ್ಲಿ ಯಾರೂ ಇಲ್ಲ. ಆಮೇಲೆ ಹೋಗಿ ಬೂಟು ಕೊಂಡರು.

ಆ ಆಸೆ ಹಚ್ಚಿದವರು ಸಿರುಗುಪ್ಪದ ಬೀಗರು, ನಮ್ಮ ಮಗಳ ಮಾವ. ಅಕ್ಕಿ ಗಿರಣಿ ಇಟ್ಟವರು. ಮೊಮ್ಮಗಳ ತೊಟ್ಟಿಲು ಕಾರ್ಯಕ್ಕೆ ನಮ್ಮ ಮನೆಗೆ ಬಂದಾಗ ಅವರ ಕಾಲಲ್ಲಿ ಕಂದು ಬಣ್ಣದ ಚರ್ಮದ ಬೂಟು, ಕಣಕಾಲು ಮುಚ್ಚುವಷ್ಟು ಎತ್ತರದ್ದು. ಎಲ್ಲರೂ ಚಪ್ಪಲಿ ಬಿಟ್ಟು ಸೀದಾ ಒಳಗೆ ಬಂದರೆ ಇವರು ಲೇಸು ಬಿಚ್ಚುವ ನೆಪದಲ್ಲಿ ಕಟ್ಟೆಯ ಮೇಲೆ ಕೂತೇ ಇದ್ದರು. ಯಾರಾದರೂ ನೋಡಲಿ ಎಂದು. ನೋಡಿದವರು ಒಬ್ಬರೇ, ನಮ್ಮವರು.

"ಹೊಸಾವೇನ್ರಿ ಬೀಗ್ರೇ?"

"ಎಲ್ಲಿ ಹೊಸಾವ್ರಿ! ಬಾಳ ವರ್ಷ ಆತು. ಅಸಲಿ ಚರ್ಮ ವಯಸ್ಸಾದಂಗ ಚಂದ ಆಕ್ಕೊಂತ ಹೋಗ್ತೈತಿ."

"ಹಂಗಾರ ಅದು ಮನುಷ್ಯಾರ ಚರ್ಮ ಅಲ್ಲ ಬಿಡ್ರಿ" ಎಂದೆ ನಾನು ಒಳಗಿನಿಂದ. ಬೀಗರು ನಕ್ಕರು. ನಮ್ಮವರಿಗೆ ಕಿವಿ ಇರಲಿಲ್ಲ, ಬರೀ ಕಣ್ಣಿತ್ತು.

ಬಳ್ಳಾರಿಯ ಗಾಂಧಿನಗರದ ಬೂಟಿನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವನು ಕಾಲು ಅಳೆದು ಒಂಬತ್ತನೇ ನಂಬರು ಎಂದ. ಬೀಗರದು ಎಂಟು. ಇವರಿಗೂ ಎಂಟೇ ಬೇಕು. ದೊಡ್ಡ ಕಾಲೆಂದರೆ ಹೊಲದಲ್ಲಿ ಮಣ್ಣು ತುಳಿದವರ ಕಾಲು, ಗಿರಣಿಯಲ್ಲಿ ಗಾದಿಯ ಮೇಲೆ ಕೂತವರದಲ್ಲ ಎಂಬುದು ಅವರ ತಿಳಿವಳಿಕೆ. ಹಾಕಿಕೊಂಡು ಎದ್ದು ನಿಂತಾಗ ಕಿರುಬೆರಳು ಒತ್ತಿ ಮುಖ ಹುಳ್ಳಗಾಯಿತು.

"ಒತ್ತತೈತೇನ್ರಿ?" ಎಂದೆ.

"ಹೊಸಾದು ಒತ್ತಲಾರದ ಇರ್ತೈತೇನು? ಆಮ್ಯಾಲೆ ಹಿಗ್ತೈತಿ."

"ಹಿಗ್ತೈತ್ರಿ ಅಜ್ಜಾರ, ಹಿಗ್ತೈತಿ" ಎಂದ ಅಂಗಡಿಯವನೂ. ಅಷ್ಟೊತ್ತಿಗೆ ಡಬ್ಬಿ ಕಟ್ಟಿಯಾಗಿತ್ತು. ಮಾರುವವನ ಬಾಯಲ್ಲಿ ಎಲ್ಲವೂ ಹಿಗ್ಗುತ್ತದೆ.

ಬೂಟು ಹದಕ್ಕೆ ಬರಲಿ ಎಂದು ಅಂಗಳದಲ್ಲಿ ಓಡಾಟ ಶುರುವಾಯಿತು. ಕಾಲು ಕಟ್ಟಿದ ಕೋಳಿಯ ನಡಿಗೆ. ದನದ ಕೊಟ್ಟಿಗೆಯ ತನಕ ಹೋಗುವುದು, ಗೂಟ ಹಿಡಿದು ನಿಲ್ಲುವುದು, ಎಮ್ಮೆಯನ್ನು ಮಾತಾಡಿಸಲು ಬಂದವರ ಹಾಗೆ ನಟಿಸುವುದು. ಎಮ್ಮೆಗೂ ಬೇಜಾರಾಗಿತ್ತು.

ಕೊನೆಗೆ ಬೀಗರಿಗೇ ಫೋನು ಮಾಡಿದರು. ಬೀಗರು ಭತ್ತದ ಊರಿನವರು, ಭತ್ತದ ಉಪಾಯವನ್ನೇ ಹೇಳಿದರು. "ನೆಲ್ಲು ನೆನೆಸಿ ಬೂಟಿನಾಗ ಒತ್ತಿ ತುಂಬ್ರಿ. ಕಾಳು ಉಬ್ಬಿದಂಗ ಚರ್ಮ ಹಿಗ್ತೈತಿ." ಇವರು ತುಂಬಿದರು. ಹಸಿ ಗೋಣಿಚೀಲ ಬೇರೆ ಹೊದಿಸಿ ಮೂಲೆಯಲ್ಲಿಟ್ಟರು. ಅದು ಬೀಜ ಮೊಳಕೆ ಕಟ್ಟುವ ಪದ್ಧತಿ ಎಂದು ಹೊಲ ಮಾಡಿದ ಮನುಷ್ಯನಿಗೆ ನೆನಪಾಗಲಿಲ್ಲ. ಚೀಲ ತೆಗೆದಾಗ ಲೇಸಿನ ತೂತಿನಿಂದೆಲ್ಲ ಬಿಳೀ ಮೊಳಕೆ ಇಣುಕುತ್ತಿದ್ದವು.

"ನೀರು ಬಿಡ್ರಿ ಮತ್ತ, ನಾಟಿಗೆ ಆಳು ಹೇಳ್ತೀನಿ" ಎಂದೆ.

"ಬಾಯಿ ಮುಚ್ಚಲೇ."

ಮೊಳಕೆ ಕಿತ್ತು ಬೂಟನ್ನು ಬಿಸಿಲಿಗಿಟ್ಟರು. ನಮ್ಮ ಬಿಸಿಲು ಗೊತ್ತಲ್ಲ, ಚರ್ಮ ಕರಿದ ಹಪ್ಪಳದ ಹಾಗೆ ಸೆಟೆದುಕೊಂಡಿತು. ಅದಕ್ಕೆ ಔಡಲೆಣ್ಣೆ ತಿಕ್ಕಿದರು. ಮನೆಯೆಲ್ಲ ಬಾಣಂತಿ ಕೋಣೆಯ ವಾಸನೆ. ಮತ್ತೆ ಕಾಲು ತುರುಕಿದರು.

ಒಂದು ಸಂಜೆ ಬಸ್ ಸ್ಟ್ಯಾಂಡಿನ ತನಕ ನೆಟ್ಟಗೆ ನಡೆದು ಬಂದರು. ಮುಖದಲ್ಲಿ ಗೆದ್ದ ಕಳೆ. "ನೋಡಲೇ, ಈಗ ಒಂಚೂರೂ ಒತ್ತಂಗಿಲ್ಲ. ಹದಕ್ಕ ಬಂತು." ನಾನೂ ನಂಬಿದೆ, ಇನ್ನಾದರೂ ಎಮ್ಮೆ ನೆಮ್ಮದಿಯಾಗಿ ಇರಲಿ ಎಂದುಕೊಂಡೆ.

ವಾರದ ಮೇಲೆ ಒಂದು ದಿನ ನಾನು ಅವರ ಸಾಕ್ಸು ಬಿಚ್ಚಲು ಹೋದರೆ ಬರಲೊಲ್ಲದು. ನೀರು ಹಾಕಿ ಎಳೆದೆ. ಎಡಗಾಲಿನ ಕಿರುಬೆರಳು ನೇರಳೆ ಹಣ್ಣಿನ ಹಾಗೆ ಕಪ್ಪಾಗಿ ಕೊಳೆತು ನಾರುತ್ತಿತ್ತು.

"ನೋವಾಗಲಿಲ್ಲೇನ್ರಿ ಇಷ್ಟ ದಿನಾ?"

"ಎಲ್ಲೈತಿ ನೋವು? ಅದಕ್ಕ ಹೇಳಿದ್ನಲ್ಲ, ಬೂಟು ಹದಕ್ಕ ಬಂದೈತಿ ಅಂತ."

ಬೂಟು ಎಲ್ಲಿ ಬಂದಿತ್ತು ಹದಕ್ಕೆ? ಸಕ್ಕರೆ ಕಾಯಿಲೆ ಕಾಲಿನ ಅರಿವನ್ನೇ ತಿಂದು ಹಾಕಿತ್ತು. ಅದನ್ನೇ ಇವರು ಸುಖ ಎಂದು ತಿಳಿದು ಊರೆಲ್ಲ ತಿರುಗಿ ಬಂದಿದ್ದರು. ಬಳ್ಳಾರಿಯ ಡಾಕ್ಟರು ಬೆರಳು ತೆಗೆದರು. ಇನ್ನಷ್ಟು ತಡವಾಗಿದ್ದರೆ ಪಾದಕ್ಕೇ ಬರುತ್ತಿತ್ತಂತೆ.

ಬೀಗರು ಮೋಸಂಬಿ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ನಾನು ಬಿಡಲಿಲ್ಲ.

"ಬೀಗ್ರೇ, ನಿಮ್ಮ ಬೂಟಿನಾಗೂ ನೆಲ್ಲು ತುಂಬಿದ್ರೇನು?"

"ಇಲ್ರಿ ಬೀಗತಿ, ಯಾರೋ ಹೇಳಿದ್ದು ಕೇಳಿದ್ದೆ ಅಷ್ಟ."

"ಮತ್ತ ನಿಮ್ಮವು ಹೆಂಗ ಮೆತ್ತಗಾದ್ವು?"

ಬೀಗರು ಮೋಸಂಬಿ ಚೀಲದ ಗಂಟು ಬಿಚ್ಚಿದರು, ಮತ್ತೆ ಕಟ್ಟಿದರು. "ನಮ್ಮ ಗಿರಣಿ ಹಮಾಲಂದೂ ನಂದೂ ಒಂದ ಅಳತಿ ರೀ. ಮೊದಲು ಅವಗ ಹಾಕ್ಕೊಳ್ಳಾಕ ಕೊಟ್ಟಿದ್ದೆ. ಮೆತ್ತಗಾದ ಮ್ಯಾಲೆ ಇಸ್ಕೊಂಡೆ."

ಮೂಟೆಯ ಜೊತೆಗೆ ಧಣಿಯ ಬೂಟನ್ನೂ ಹೊತ್ತ ಆ ಹಮಾಲನ ಬೆರಳು ಏನಾದವೋ ಯಾರೂ ಕೇಳಿಲ್ಲ. ಮಂಚದ ಮೇಲಿದ್ದ ನಮ್ಮವರಿಗೆ ಅದಕ್ಕೂ ಸಿಟ್ಟು ಬರಲಿಲ್ಲ. "ನಮ್ಮ ಕಡೆ ಯಾರದೈತಲೇ ಎಂಟನೇ ನಂಬರಿನ ಕಾಲು?" ಎಂದು ನನ್ನನ್ನೇ ಕೇಳಿದರು.

ಗಾಯ ಒಣಗಿ ಮನೆಯಲ್ಲಿ ಓಡಾಡುವಂತಾದ ಮೇಲೆ ಡಾಕ್ಟರು ಕೊಟ್ಟ ಅಗಲ ಚಪ್ಪಲಿ ಬಿಟ್ಟು ಮತ್ತೆ ಬೂಟು ಹುಡುಕಿದರು. ಎಡಗಾಲು ಸಲೀಸಾಗಿ ಒಳಗೆ ಹೋಯಿತು. "ನೋಡು, ಈಗ ಸರಿ ಕುಂತೈತಿ!"

"ಬಲಗಾಲಿಂದೂ ತೆಗೆಸ್ರಿ, ಜೋಡಿ ಸರಿಯಾಗ್ತೈತಿ" ಎಂದೆ. ಎಂದವಳೇ ಎರಡನ್ನೂ ಕಿತ್ತುಕೊಂಡು ಮಗನ ಸಾಕ್ಸು ಏರಿಸಿ ನಾನೇ ಹಾಕಿಕೊಂಡೆ. ನನ್ನ ಕಾಲು ಸಣ್ಣದು, ಆರಾಮಾಗಿ ಕೂತವು.

ಈಗ ಮೆಣಸಿನಕಾಯಿ ಹೊಲಕ್ಕೆ ಅವನ್ನೇ ಹಾಕಿಕೊಂಡು ಹೋಗುತ್ತೇನೆ. ಜಾಲಿಮುಳ್ಳು ಒಳಗೆ ಬರುವುದಿಲ್ಲ. ಕಾಯಿ ಬಿಡಿಸುವ ಹೆಂಗಸರು "ಅಮ್ಮಾ, ಪೊಲೀಸಿನಾಗ ಸೇರಿದ್ರೇನು?" ಎಂದು ನಗುತ್ತಾರೆ. ನಗಲಿ. ಎಣ್ಣೆ ಕುಡಿದು, ಎರೆಮಣ್ಣು ತಿಂದು, ಬೆರಳು ಮಡಚುವ ಕಡೆ ಗೆರೆ ಬಿದ್ದು ಬೂಟು ನಿಜಕ್ಕೂ ಚಂದವಾಗಿದೆ. ಅದೇ ತಾಪತ್ರಯ. ಅವು ಚಂದವಾದಷ್ಟೂ ನಮ್ಮವರ ಕಣ್ಣು ಅಲ್ಲೇ.

"ಒಮ್ಮೆ ಹಾಕ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಬರ್ಲೇನು?" ಎಂದು ಮೊನ್ನೆಯೂ ಕೇಳಿದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ಬೂಟು ಕಾಲಲ್ಲೇ ಇತ್ತು. ಅಡುಗೆ ಮನೆಗೆ ಚರ್ಮ ಮೆಟ್ಟಿ ಬಂದಿದ್ದಕ್ಕೆ ನಮ್ಮತ್ತೆ ಇದ್ದಿದ್ದರೆ ನನ್ನನ್ನು ಬೀದಿಗೆ ಹಾಕುತ್ತಿದ್ದಳು. ಏನು ಮಾಡಲಿ, ಅವರು ಮಲಗುವ ತನಕ ನಾನು ಬಿಚ್ಚುವ ಹಾಗಿಲ್ಲ.

"ಹಾಕ್ಕೊಳ್ಳೂದು ಬ್ಯಾಡ. ಬೇಕಂದ್ರ ಒರೆಸ್ರಿ" ಎಂದು ಕಾಲು ಮುಂದೆ ಚಾಚಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅರಿವೆ ತರಲು ಹೋದರು.