ಓರೆ ಬೋರ್ಡು

ನವನಗರದ ಬಸ್ ನಿಲ್ದಾಣದ ಹತ್ತಿರ ಬೆಳಕಿನ ಅಕ್ಷರಗಳು ಓಡುವ ಜಾಹೀರಾತು ಬೋರ್ಡು ಕಟ್ಟಿದವನು ಅವನೇ. ಸ್ಕ್ರೂಡ್ರೈವರ್ ಕಿವಿಯ ಮೇಲೆ ಸಿಕ್ಕಿಸಿಕೊಂಡು, "ಬೆಳಕು ಎಲ್ಲಾರಿಗೂ ಛಲೋ ಅಲ್ಲಪಾ," ಅನ್ನುತ್ತಿದ್ದ.

ಬೋರ್ಡಿನ ಎದುರಿನ ಕಲ್ಲುಬೆಂಚಿನಲ್ಲಿ ಸಂಜೆ, ಗಂಡಸರನ್ನೇ ಪ್ರೀತಿಸುವ ನಮ್ಮಂಥ ಗಂಡಸರು ಕೂಡುತ್ತಿದ್ದರು. ಅವನೂ ನಾನೂ ಜೊತೆಯಾದದ್ದು ಅಲ್ಲೇ. ಬೆಂಚಿನ ಮೇಲೆ ಬೆಳಕು ಬೀಳದಂತೆ ಅವನು ಬೋರ್ಡನ್ನು ರಸ್ತೆಯ ಕಡೆಗೆ ಓರೆ ಮಾಡಿದ.

"ಸೊಟ್ಟ ಯಾಕ ಕಟ್ಟೀಲೇ?" ಬೋರ್ಡಿನ ಮಾಲೀಕರು ಬೈದರು.

"ಬಸ್ಸಿನಾಗಿನ ಮಂದಿಗೆ ಕಾಣಬೇಕಲ್ರಿ, ಸಾಹೇಬ್ರ."

ಹಾಗನ್ನುವಾಗ ಅವನು ಬೆಂಚಿನಲ್ಲಿದ್ದ ನನ್ನ ಕಡೆ ನೋಡಲೂ ಇಲ್ಲ.

ಅವನು ಸತ್ತ ವಾರ ಅದೇ ಬೋರ್ಡಿನಲ್ಲಿ ಶ್ರದ್ಧಾಂಜಲಿ ಓಡಿತು. ದುಃಖತಪ್ತರು: ಹೆಂಡತಿ, ಮಕ್ಕಳು, ಬಂಧುಗಳು. ಅಷ್ಟರಲ್ಲಿ ಮಾಲೀಕರು ಬೋರ್ಡನ್ನು ರಸ್ತೆಯಿಂದ ಬೆಂಚಿನ ಕಡೆಗೆ ತಿರುಗಿಸಿ ನೆಟ್ಟಗೆ ಮಾಡಿಸಿದ್ದರು. ಬೆಂಚಿನ ತುಂಬ ಬೆಳಕಿತ್ತು, ಯಾರೂ ಕೂತಿರಲಿಲ್ಲ. ಅಲ್ಲಿ ಅಳುವಂತಿರಲಿಲ್ಲವೆಂದು ನಾನು ಧಾರವಾಡದ ಬಸ್ಸು ಹತ್ತಿದೆ. ಕಿಟಕಿಯಿಂದ ಅವನ ಹೆಸರು ಕಾಣಲಿಲ್ಲ.